ಕೆಳಗಿನ ನಾಲ್ಕು ಹಲ್ಲು

ಇಂಜೆಕ್ಷನ್ ಕೊಟ್ಟು ಐದು ನಿಮಿಷ ಕಳೆದ ಮೇಲೆ ಉಪೇಂದ್ರ ತನ್ನ ಕೆಳತುಟಿಯನ್ನು ಮೇಲಿನ ಹಲ್ಲಿನಿಂದ ಒತ್ತಿ ನೋಡಿದ. ಎಡಗಡೆ ತುಟಿ ಇತ್ತು, ಬಲಗಡೆ ಇರಲಿಲ್ಲ. ಕೈಯಿಂದ ಮುಟ್ಟಿದರೆ ಸಿಗುತ್ತಿತ್ತು, ಆದರೆ ಬೇರೆ ಯಾರದೋ ತುಟಿಯನ್ನು ಮುಟ್ಟಿದ ಹಾಗಿತ್ತು. ಆರ್.ಟಿ. ನಗರದ ಈ ಕ್ಲಿನಿಕ್ಕಿನ ಕುರ್ಚಿ ಎಷ್ಟು ಹಿಂದಕ್ಕೆ ಬಾಗುತ್ತದೆಂದರೆ ಮಲಗಿದವನಿಗೆ ಚಾವಣಿಯ ಹೊರತು ಏನೂ ಕಾಣುವುದಿಲ್ಲ. ಚಾವಣಿಗೂ ಒಂದು ಟೀವಿ ಅಂಟಿಸಿದ್ದರು, ಅದರೊಳಗೆ ಬಣ್ಣದ ಮೀನುಗಳು ಕೆಲಸವಿಲ್ಲದೆ ಓಡಾಡುತ್ತಿದ್ದವು. ಸರ್ಕಾರಿ ಆಸ್ಪತ್ರೆಯ ಹಲ್ಲಿನ ವಿಭಾಗದಲ್ಲಿ ಹತ್ತೊಂಬತ್ತು ವರ್ಷ ಗುಮಾಸ್ತಿಕೆ ಮಾಡಿದವನು, ಸಾವಿರಾರು ಜನರನ್ನು ಹೆಸರು ಕೂಗಿ ಇಂಥದೇ ಕುರ್ಚಿಗೆ ಕಳಿಸಿದವನು, ತಾನು ಅದರ ಮೇಲೆ ಮಲಗುತ್ತಿದ್ದದ್ದು ಇದೇ ಮೊದಲು. ಬಲಗಡೆಯ ದವಡೆಹಲ್ಲು ಒಂದು ವಾರದಿಂದ ಪ್ರಾಣ ಹಿಂಡಿತ್ತು. ತನ್ನ ಆಸ್ಪತ್ರೆಗೇ ಹೋಗಬಹುದಿತ್ತಲ್ಲ ಎಂದರೆ, ಅಲ್ಲಿ ರೂಟ್ ಕೆನಾಲ್ ಮಾಡುವ ಯಂತ್ರ ಬಂದ ವರ್ಷವೇ ಕೆಟ್ಟು ಮೂಲೆ ಸೇರಿತ್ತು. ಅಲ್ಲಿ ಸರಿಯಾಗಿ ಆಗುತ್ತಿದ್ದದ್ದು ಎರಡೇ ಕೆಲಸ: ಮಾತ್ರೆ ಕೊಡುವುದು, ಹಲ್ಲು ಕೀಳುವುದು. ಮಿಕ್ಕವರಿಗೆಲ್ಲ ಉಪೇಂದ್ರ ದೊಡ್ಡಾಸ್ಪತ್ರೆಗೆ ಚೀಟಿ ಬರೆದು ಕೊಡುತ್ತಿದ್ದ. ಆ ಚೀಟಿ ಹಿಡಿದು ಊರಿನ ಇನ್ನೊಂದು ತುದಿಗೆ ನಿಜವಾಗಿ ಎಷ್ಟು ಜನ ಹೋದರು ಎಂದು ಅವನು ಯಾವತ್ತೂ ವಿಚಾರಿಸಿರಲಿಲ್ಲ.

"ಡಾಕ್ಟ್ರೇ, ಸುಮ್ನೆ ಕಿತ್ತು ಹಾಕ್ಬಿಡಿ. ಒಂದೇ ಸಲಕ್ಕೆ ಪೀಡೆ ಹೋಗುತ್ತೆ," ಎಂದಿದ್ದ ಬಂದ ಕೂಡಲೇ. ಅಭಿರಾಮ್ ಎಂಬ ಆ ಡಾಕ್ಟರಿಗೆ ಮೂವತ್ತೂ ತುಂಬಿದ ಹಾಗಿರಲಿಲ್ಲ. ಅವರು ಮಾಸ್ಕಿನೊಳಗೇ ನಕ್ಕರು.

"ಯಾಕ್ ಸಾರ್ ಕೀಳ್ಬೇಕು? ಈಗ ಯಾರೂ ಕೀಳ್ಸಲ್ಲ. ನಿಮ್ ಸ್ವಂತ ಬೇರಿದೆಯಲ್ಲ, ಅಂಥದ್ದನ್ನ ಯಾವ ಕಂಪ್ನೀನೂ ಮಾಡಲ್ಲ. ಎರಡು ಸಿಟ್ಟಿಂಗು, ಆಮೇಲೆ ಮೇಲೊಂದು ಕ್ಯಾಪು. ಸಾಯೋವರ್ಗೂ ಅಗೀಬಹುದು."

ಸ್ವಂತ ಬೇರು. ಆ ಮಾತನ್ನು ಉಪೇಂದ್ರ ಮನಸ್ಸಿನಲ್ಲೇ ತಿರುವಿ ಹಾಕುತ್ತಿದ್ದ. ಇವತ್ತು ಮಂಗಳವಾರ. ಕಟ್ಟುವ ಹಲ್ಲಿನ ತಜ್ಞೆ ಎಂದು ಹೊಸದಾಗಿ ಬಂದಿರುವ ಡಾಕ್ಟರ್ ಭಾವನಾ ಅವನ ಆಸ್ಪತ್ರೆಗೆ ವಾರಕ್ಕೆರಡು ದಿನ ಬರುತ್ತಾರೆ, ಮಂಗಳವಾರ ಅದರಲ್ಲೊಂದು. ಎರಡು ವರ್ಷದಿಂದ ಹಲ್ಲಿನ ಸೆಟ್ಟಿಗಾಗಿ ಕಾಯುತ್ತಿರುವ ಹೂವಾಡಗಿತ್ತಿ ಮುನಿಕೆಂಪಮ್ಮನಿಗೆ ಅವನೇ ಭಾನುವಾರ ಫೋನು ಮಾಡಿ, "ಮಂಗಳವಾರ ತಪ್ಪಿಸ್ಕೋಬೇಡ, ದೊಡ್ಡ ಡಾಕ್ಟ್ರು ಬರ್ತಾರೆ," ಎಂದು ಹೇಳಿದ್ದ. ಹೇಳಿದ ಮೇಲೆ, ಅವಳು ಬಾರದಿದ್ದರೆ ಚೆನ್ನಾಗಿತ್ತು ಎಂದೂ ಅನ್ನಿಸಿತ್ತು. ಈಗ ಬಾಯಿ ತೆರೆದು ಮಲಗಿ, ಒಳಗೆ ಸಣ್ಣ ಯಂತ್ರ ಗುಂಯ್ ಎನ್ನುತ್ತಿರುವಾಗಲೂ ಅವನು ಅದನ್ನೇ ಆಶಿಸುತ್ತಿದ್ದ. ಹೂವಿನ ವ್ಯಾಪಾರ ಜೋರಾಗಿರಲಿ, ಬಸ್ಸು ತಪ್ಪಲಿ, ಇವತ್ತೊಂದು ದಿನ ಅವಳು ಬರದಿರಲಿ. ಕೆಲಸ ಮುಗಿಸಿದ ಅಭಿರಾಮ್, ಎರಡು ದಿನ ಬಲಗಡೆ ಏನನ್ನೂ ಕಚ್ಚಬಾರದು, ಮರಗಟ್ಟಿದ್ದು ಮಧ್ಯಾಹ್ನದ ಹೊತ್ತಿಗೆ ಇಳಿಯುತ್ತದೆ, ಅಲ್ಲಿಯವರೆಗೆ ತುಟಿ ಕಚ್ಚಿಕೊಳ್ಳದಂತೆ ಜೋಪಾನ ಎಂದು ಹೇಳಿ ಕಳಿಸಿದರು.

ಆಸ್ಪತ್ರೆಗೆ ಹೋಗಲು ಹೆಬ್ಬಾಳದಲ್ಲಿ ಯಲಹಂಕದ ಬಸ್ಸು ಹತ್ತಿದಾಗ ಒಂಬತ್ತೂವರೆ. ಕಂಡಕ್ಟರಿಗೆ ಎಲ್ಲಿಗೆಂದು ಹೇಳಲು ಹೋದರೆ ಮಾತು ಬಾಯಿಯ ಒಂದೇ ಮಗ್ಗುಲಿನಿಂದ ಹೊರಬಿತ್ತು. ಕಂಡಕ್ಟರು ಅವನ ಮುಖವನ್ನೇ ನೋಡಿ, "ಕುಡಿದಿದೀರಾ ಯಜಮಾನ್ರೇ, ಬೆಳ್ಬೆಳಿಗ್ಗೆ?" ಎಂದ. ಹಿಂದಿನ ಸೀಟಿನ ಇಬ್ಬರು ಕಾಲೇಜು ಹುಡುಗಿಯರು ಕಿಸಕ್ಕೆಂದರು. ಉಪೇಂದ್ರ ಗಲ್ಲ ತೋರಿಸಿ ಹಲ್ಲು ಎಂದು ಸನ್ನೆ ಮಾಡಿದ, ಆಮೇಲೆ ಯಾರಿಗಾಗಿ ಸಮಜಾಯಿಷಿ ಕೊಡುತ್ತಿದ್ದೇನೆ ಎಂದು ಸಿಟ್ಟು ಬಂದು ಕಿಟಕಿಯ ಕಡೆ ತಿರುಗಿದ. ಐವತ್ತೇಳು ವರ್ಷದ, ಇಸ್ತ್ರಿ ಮಾಡಿದ ಅಂಗಿ ತೊಟ್ಟ ಮನುಷ್ಯ ಬಾಯಿಂದ ಮಾತು ಸೋರಿದ ಮಾತ್ರಕ್ಕೆ ಕುಡುಕನಾಗುತ್ತಾನೆ. ಮುನಿಕೆಂಪಮ್ಮ ಎರಡು ವರ್ಷದಿಂದ ಹೀಗೇ ಮಾತಾಡುತ್ತಿದ್ದಾಳೆ. ಮೊದಲು ಅವಳು ಆಸ್ಪತ್ರೆಯ ಎದುರಿನ ಬಸ್‌ಸ್ಟಾಪಿನಲ್ಲಿ ಕೂತು "ಕನಕಾಂಬ್ರ, ಮಲ್ಗೆ, ಕಾಕ್ಡಾ" ಎಂದು ಕೂಗಿದರೆ ಒಪಿಡಿ ಕಿಟಕಿಯ ಒಳಗೆ ಕೂತವನಿಗೂ ಕೇಳಿಸುತ್ತಿತ್ತು. ಈಗ ಅವಳು ಕೂಗುವುದಿಲ್ಲ. ಕೂಗಿದರೆ ಬರಿಯ ಗಾಳಿ ಬರುತ್ತದೆ ಎಂದು ಬುಟ್ಟಿಯನ್ನು ಮುಂದಿಟ್ಟುಕೊಂಡು, ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಕೊಳ್ಳುವವರು ತಾವಾಗಿ ನೋಡಲಿ ಎಂದು ಸುಮ್ಮನೆ ಕೂತಿರುತ್ತಾಳೆ. ಪಕ್ಕದಲ್ಲೇ ಮೋನಿಕಾ ಎನ್ನುವ ಹುಡುಗಿ ಅದೇ ಹೂವನ್ನು ಗಂಟಲು ಹರಿಯುವಂತೆ ಕೂಗಿ ಮಾರುತ್ತಾಳೆ.

ಬ್ಯಾಟರಾಯನಪುರದ ಹತ್ತಿರ ಬಸ್ಸು ನಿಂತೇಬಿಟ್ಟಿತು. ಮುನಿಕೆಂಪಮ್ಮನ ಆ ನಾಲ್ಕು ಹಲ್ಲುಗಳನ್ನು ಅವನು ಮೊದಲು ನೋಡಿದ್ದು ಯಾವಾಗ? ನೋಡದೆ ಇದ್ದದ್ದು ಯಾವಾಗ ಎಂದು ಕೇಳಬೇಕು. ಅವಳು ಹೂ ಕಟ್ಟಿ ಮುಗಿಸಿದಾಗೆಲ್ಲ ದಾರವನ್ನು ಬಾಯಿಗೆ ಒಯ್ದು ಕಟಕ್ಕನೆ ಕಡಿಯುತ್ತಿದ್ದಳು. ಮೇಲಿನ ದವಡೆ ಪೂರ್ತಿ ಬೋಳು. ಕೆಳಗೆ ಎರಡು ಮುಂದಿನವು, ಅವುಗಳ ಆಚೆ ಈಚೆ ಎರಡು ಕೋರೆಹಲ್ಲು, ಎಲೆ ಅಡಿಕೆಯಿಂದ ಕೆಂಪಾಗಿ, ಗುದ್ದಿದರೂ ಅಲ್ಲಾಡದಂಥವು. ದಾರವನ್ನು ಒಂದು ಕೋರೆಗೆ ಸಿಕ್ಕಿಸಿ ಎಳೆದರೆ ಸಾಕು, ಕತ್ತರಿಯೇ ಬೇಡವಾಗಿತ್ತು. ಅವನ ಹೆಂಡತಿ ನಾಗಮಣಿ ಒಮ್ಮೆ ಕಣ್ಣು ತೋರಿಸಲು ಆಸ್ಪತ್ರೆಗೆ ಬಂದವಳು ಇದನ್ನು ನೋಡಿಬಿಟ್ಟಳು. ಮನೆಗೆ ಬಂದು, "ಥೂ, ಏನ್ರೀ ಅದು, ಇಷ್ಟು ವರ್ಷ ಆ ಎಂಜಲು ಹೂವನ್ನ ದೇವರಿಗೆ ಹಾಕಿಸಿದ್ರಲ್ರೀ! ಇನ್ಮೇಲೆ ತಂದರೆ ತಲೆಗೆ ಮಾತ್ರ," ಎಂದಳು. ಉಪೇಂದ್ರ ಅದನ್ನು ಮುನಿಕೆಂಪಮ್ಮನಿಗೆ ಹೇಳಿರಲಿಲ್ಲ. ಆದರೆ ಅಂದಿನಿಂದ ಅವಳು ದಾರ ಕಡಿಯುವಾಗ ಅವನ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ನೋಡಬಾರದ್ದನ್ನು ನೋಡಿದವನಂತೆ ಮುಖ ತಿರುಗಿಸುತ್ತಿದ್ದದ್ದೂ ನಿಜ. ಈಗ ಬಸ್ಸಿನಲ್ಲಿ ಕೂತು ಅವನು ತನ್ನನ್ನೇ ಕೇಳಿಕೊಂಡ: ಅವಳಿಗೆ ಅವನ್ನು ಕೀಳಿಸುವ ಸಲಹೆ ಕೊಟ್ಟಾಗ ನನ್ನೊಳಗೆ ಇದ್ದದ್ದು ಬರೀ ಕರುಣೆಯೋ, ಅಥವಾ ಆ ಹಲ್ಲುಗಳನ್ನು ಕಂಡರೆ ನನಗೂ ಒಂದು ಹೇಸಿಗೆ ಇತ್ತೋ? ಬಸ್ಸು ಕದಲಿತು.

ಸಲಹೆ ಕೊಟ್ಟ ದಿನ ಮಾತ್ರ ಚೆನ್ನಾಗಿ ನೆನಪಿತ್ತು. ಎರಡು ವರ್ಷದ ಹಿಂದಿನ ಆಷಾಢ, ಹೂವಿಗೆ ಗಿರಾಕಿ ಇಲ್ಲದ ತಿಂಗಳು. ಅರವತ್ತು ದಾಟಿದ ಬಡವರಿಗೆ ಹಲ್ಲಿನ ಸೆಟ್ಟನ್ನು ಬಿಟ್ಟಿಯಾಗಿ ಕಟ್ಟಿಕೊಡುವ ಯೋಜನೆಯ ಫಾರಂ ಹಿಡಿದು ಮುನಿಕೆಂಪಮ್ಮ ಕಿಟಕಿಗೆ ಬಂದಿದ್ದಳು. ಊರು ಹೆಸರಘಟ್ಟದ ಆಚೆ. ವಯಸ್ಸು ಅರವತ್ತಾರು ಎಂದು ಆಧಾರ್ ಹೇಳುತ್ತಿತ್ತು. ಎಲ್ಲ ಸರಿಯಿತ್ತು, ಆದರೆ ಏಳನೇ ಕಾಲಂನಲ್ಲಿ 'ಬಾಯಿಯಲ್ಲಿ ಉಳಿದಿರುವ ಹಲ್ಲುಗಳ ಸಂಖ್ಯೆ' ಎಂದಿತ್ತು. ಯೋಜನೆಯಲ್ಲಿ ಪೂರ್ತಿ ಸೆಟ್ಟಿಗೆ ಮಾತ್ರ ಮಂಜೂರಾತಿ. ಅರ್ಧ ಬಾಯಿಗೆ, ನಡುನಡುವೆ ಹಲ್ಲಿದ್ದವರಿಗೆ ಇಲ್ಲ. ಉಪೇಂದ್ರ ಆ ಕಾಲಮ್ಮನ್ನು ಯಾವಾಗಲೂ ಪೆನ್ಸಿಲಿನಲ್ಲಿ ತುಂಬುತ್ತಿದ್ದ, ಅದು ಅವನ ಹಳೆಯ ಅಭ್ಯಾಸ. ಪೆನ್ಸಿಲಿನಲ್ಲಿ ಬರೆದದ್ದು ನಾಳೆ ಬದಲಾಗಬಹುದು, ಪೆನ್ನಿನಲ್ಲಿ ಬರೆದರೆ ಮನುಷ್ಯ ವಾಪಸು ಹೋಗಬೇಕಾಗುತ್ತದೆ. ಹೀಗೆ ದಾರಿ ಮಾಡಿಕೊಡುವವನೆಂದು ಅವನಿಗೆ ಆಸ್ಪತ್ರೆಯಲ್ಲಿ ಹೆಸರಿತ್ತು, ಆ ಹೆಸರಿನ ಮೇಲೆ ಅವನಿಗೆ ಮೋಹವೂ ಇತ್ತು. ನಾಲ್ಕು ಎಂದು ಪೆನ್ಸಿಲಿನಲ್ಲಿ ಬರೆದು, ಆಚೀಚೆ ನೋಡಿ, ತಗ್ಗಿದ ದನಿಯಲ್ಲಿ ಹೇಳಿದ್ದ.

"ನೋಡಮ್ಮ, ಈ ನಾಲ್ಕು ಇರೋವರ್ಗೂ ನಿಂಗೆ ಸೆಟ್ಟು ಸಿಗಲ್ಲ. ಇವನ್ನ ಕೀಳಿಸ್ಬಿಡು. ಮೂರು ತಿಂಗಳು ವಸಡು ಆರ್ಬೇಕು, ಆಮೇಲೆ ಮೂವತ್ತೆರಡೂ ಒಟ್ಟಿಗೇ ಬರುತ್ತೆ."

"ಗಟ್ಟಿಯಾಗವಲ್ಲ ಸ್ವಾಮಿ? ಡಾಕ್ಟ್ರಮ್ಮ ಕೀಳ್ತಾರಾ?"

"ಗಟ್ಟಿ ಅಂದ್ರೆ ಕೀಳಲ್ಲ. ನೋಯ್ತಿವೆ, ಅಲ್ಲಾಡ್ತಿವೆ, ನಾನೇ ಕೀಳಿಸ್ಕೋತೀನಿ ಅನ್ನು. ಅಷ್ಟೇ ಸಾಕು. ನಾನು ಹೇಳ್ಕೊಟ್ಟೆ ಅಂತ ಮಾತ್ರ ಹೇಳ್ಬೇಡ."

ಅವಳು ಕಿಟಕಿಯ ಕಂಬಿ ಹಿಡಿದು ಪಾಠ ಒಪ್ಪಿಸುವ ಮಗುವಿನ ಹಾಗೆ ಹೇಳಿಕೊಂಡಿದ್ದಳು: ನೋಯ್ತವೆ ತಾಯಿ, ಅಲ್ಲಾಡ್ತವೆ, ನಾನೇ ಕೀಳಿಸ್ಕೋತೀನಿ. ಆಮೇಲೆ ತಾನಾಗಿಯೇ "ರಾತ್ರಿ ನಿದ್ದೆ ಇಲ್ಲ" ಎಂದೂ ಸೇರಿಸಿ, ಸರಿಯಾಯಿತಾ ಎಂಬಂತೆ ಅವನ ಮುಖ ನೋಡಿದಳು. ಉಪೇಂದ್ರ ನಕ್ಕಿದ್ದ. ಆಗಿದ್ದ ಡಾಕ್ಟರಮ್ಮನಿಗೆ ದಿನಕ್ಕೆ ಅರವತ್ತು ಬಾಯಿ, ಮುದುಕಿಯೊಬ್ಬಳು ನೋವೆಂದರೆ ಎಕ್ಸ್‌ರೇ ತೆಗೆಸುವ ಪುರುಸೊತ್ತಿರಲಿಲ್ಲ. ಎರಡು ಸಲ ಕರೆಸಿ ಎರಡೆರಡು ಕಿತ್ತರು. ಕೊನೆಯ ದಿನ ಅವಳು ಬಾಯಿ ತುಂಬ ಹತ್ತಿ ಕಚ್ಚಿಕೊಂಡು ಕಿಟಕಿಗೆ ಬಂದು, ಮಾತಾಡಲಾಗದೆ, ಒಂದು ಮೊಳ ಕನಕಾಂಬರವನ್ನು ಎಲೆಯಲ್ಲಿ ಸುತ್ತಿ ಅವನ ಮೇಜಿನ ಮೇಲಿಟ್ಟು ಹೋದಳು. ಅವನು ರಬ್ಬರಿನಿಂದ ನಾಲ್ಕನ್ನು ಉಜ್ಜಿ, ಪೆನ್ನು ತೆಗೆದುಕೊಂಡು ಸೊನ್ನೆ ಬರೆದ. ಅವತ್ತು ಅವನಿಗೆ ಒಳ್ಳೆಯ ಕೆಲಸ ಮಾಡಿದ ತೃಪ್ತಿಯಲ್ಲಿ ಊಟ ರುಚಿಯಾಗಿತ್ತು.

ವಸಡು ಆರಿತು. ಆರುವ ಹೊತ್ತಿಗೆ ಸೆಟ್ಟು ಕಟ್ಟುತ್ತಿದ್ದ ರಿಯಾಜನ ಗುತ್ತಿಗೆ ಮುಗಿದುಹೋಗಿತ್ತು. ಮೇಣದಲ್ಲಿ ಹಲ್ಲು ಜೋಡಿಸುವುದರಲ್ಲಿ ನಿಸ್ಸೀಮನಾಗಿದ್ದ ಅವನು ಲ್ಯಾಬಿನ ಬೀಗದ ಕೈ ಒಪ್ಪಿಸಲು ಬಂದ ದಿನ, "ಸಾರ್, ಆ ಹೂವಿನ ಅಜ್ಜಿ ಕೋರೆಹಲ್ಲು ಯಾಕ್ ಸಾರ್ ಕೀಳಿಸಿದ್ರು? ಕಲ್ಲಿದ್ದಂಗಿದ್ವು," ಎಂದು ಕೇಳಿದ್ದ. "ರೂಲ್ಸು ಗುರು," ಎಂದಿದ್ದ ಉಪೇಂದ್ರ. ರಿಯಾಜ್ ಕೈ ಕುಲುಕಿ ಹೋದ. ಅಲ್ಲಿಂದ ಇಲ್ಲಿಯವರೆಗೆ ಲ್ಯಾಬಿಗೆ ಬೀಗ. ಮುನಿಕೆಂಪಮ್ಮ ತಿಂಗಳಿಗೊಮ್ಮೆ ಕಿಟಕಿಗೆ ಬಂದು "ಬಂತಾ ಸ್ವಾಮಿ?" ಎನ್ನುವುದು, ಅವನು "ಮುಂದಿನ ತಿಂಗಳು" ಎನ್ನುವುದು ರೂಢಿಯಾಗಿಹೋಯಿತು. ಅವಳು ಒಮ್ಮೆಯೂ ದನಿ ಏರಿಸಲಿಲ್ಲ. "ಮುದ್ದೆ ನುಂಗಾಕೆ ಅಲ್ಲು ಯಾಕೆ, ಬಿಡಿ. ಅವರೆಕಾಯಿ ಕಾಲ್ದಾಗೆ ಒಸಿ ಆಸೆ ಆಯ್ತದೆ," ಎಂದು ಒಮ್ಮೆ ಹೇಳಿದ್ದಳು, ಅಷ್ಟೇ. ಮನೆಯಲ್ಲಿ ನಾಗಮಣಿ ಮಾತ್ರ ಹೂವನ್ನು ಮತ್ತೆ ದೇವರ ಪಟಕ್ಕೆ ಹಾಕತೊಡಗಿದ್ದಳು. "ಈಗ ಕಚ್ಚೋಕೆ ಹಲ್ಲೇ ಇಲ್ವಲ್ಲ," ಎಂದಳು. ಉಪೇಂದ್ರ ಪೇಪರಿನಿಂದ ತಲೆ ಎತ್ತಲಿಲ್ಲ.

ಅವಳು ಬಂದೇ ಇದ್ದಳು. ಹಲ್ಲಿನ ವಿಭಾಗದ ಮುಂದಿನ ಬೆಂಚಿನ ತುದಿಯಲ್ಲಿ, ಹೊಸದಾಗಿ ಒಗೆದ ಸೀರೆಯುಟ್ಟು, ಹೂವಿನ ಬುಟ್ಟಿಯನ್ನು ಕಾಲ ಸಂದಿಯಲ್ಲಿಟ್ಟುಕೊಂಡು ಕೂತಿದ್ದಳು. ಮೊದಲ ಬಸ್ಸಿಗೇ ಬಂದಿದ್ದಳಂತೆ. ಅವನನ್ನು ಕಂಡ ಕೂಡಲೇ ಎದ್ದು ನಿಂತಳು.

"ಗೇಟ್‌ತಾವ್ ಬ್ಲೇಡು ಕಿತ್ಕಂಡ್ರು ಸ್ವಾಮಿ. ಆಸ್ಪತ್ರೆ ಒಳೀಕೆ ಬ್ಲೇಡು ತರಂಗಿಲ್ವಂತೆ. ದಾರ ಕುಯ್ಯಾಕೆ ಮಡೀಕಂಡಿದ್ದೆ." ಆಮೇಲೆ ಅವನ ಬಾಯಿಯನ್ನು ದಿಟ್ಟಿಸಿ, "ಇದ್ಯಾಕೆ, ಮಕ ಊದ್ಕಂಡದೆ?" ಎಂದಳು.

"ಹಲ್ಲು," ಎಂದ ಉಪೇಂದ್ರ, ಒಂದೇ ಮಗ್ಗುಲಿನಿಂದ.

"ಅಯ್ಯೋ, ನಿಮ್ದೂ ಕಿತ್ತಾಕಿದ್ರಾ?"

ಅವಳ ಕಣ್ಣಿನಲ್ಲಿ ನಿಜವಾದ ಮರುಕವಿತ್ತು. ಇಲ್ಲ, ಉಳಿಸಿದರು ಎಂದು ಹೇಳಲು ಅವನಿಗೆ ನಾಲಿಗೆ ಬರಲಿಲ್ಲ. ತಲೆಯನ್ನು ಹೌದೆಂದೂ ಅಲ್ಲವೆಂದೂ ಆಗಬಹುದಾದಂತೆ ಆಡಿಸಿ, ಒಳಗೆ ಹೋಗಿ ಫೈಲುಗಳನ್ನು ಹೊಂದಿಸಲು ಕೂತ. ಅವಳ ಫೈಲನ್ನು ತೆರೆದು ಏಳನೇ ಕಾಲಂ ನೋಡಿದ. ಸೊನ್ನೆಯ ಕೆಳಗೆ ಪೆನ್ಸಿಲಿನ ನಾಲ್ಕು ಇನ್ನೂ ಮಸುಕಾಗಿ ಕಾಣುತ್ತಿತ್ತು. ಎಷ್ಟು ಉಜ್ಜಿದರೂ ಹೋಗದಷ್ಟು ಒತ್ತಿ ಬರೆದಿದ್ದ. ಬೆರಳಿನಿಂದ ಒಮ್ಮೆ ತಿಕ್ಕಿ, ಕಾಗದ ಹರಿದೀತೆಂದು ಬಿಟ್ಟ.

ಡಾಕ್ಟರ್ ಭಾವನಾ ಕೆಲಸದಲ್ಲಿ ಚುರುಕು, ಮಾತಿನಲ್ಲಿ ಮೆದು. ಮುನಿಕೆಂಪಮ್ಮನನ್ನು ಕುರ್ಚಿಯಲ್ಲಿ ಕೂರಿಸಿ, "ಬಾಯಿ ತೆಗೀರಿ ಅಜ್ಜಿ, ಇನ್ನೂ ದೊಡ್ಡದಾಗಿ," ಎಂದು ಹೇಳಿ ಬೆರಳಿನಿಂದ ಕೆಳದವಡೆಯನ್ನು ಈ ತುದಿಯಿಂದ ಆ ತುದಿಗೆ ಸವರಿದರು. ಮತ್ತೆ ಸವರಿದರು. ಉಪೇಂದ್ರ ರಿಜಿಸ್ಟರು ಹಿಡಿದು ಪಕ್ಕದಲ್ಲೇ ನಿಂತಿದ್ದ. ಅಷ್ಟು ಹೊತ್ತು ನಿಲ್ಲಬೇಕಾದ ಅಗತ್ಯ ಅವನಿಗಿರಲಿಲ್ಲ, ಆದರೂ ಹೋಗಲು ಕಾಲು ಬರಲಿಲ್ಲ.

"ಮೇಲ್ಗಡೆ ಪರವಾಗಿಲ್ಲ, ಕೂರುತ್ತೆ. ಕೆಳಗಡೆ ವಸಡಿನ ದಿಬ್ಬವೇ ಇಲ್ಲ, ಎಲ್ಲಾ ಕರಗಿ ಚಪ್ಪಟೆ ಆಗ್ಬಿಟ್ಟಿದೆ. ಸೆಟ್ ಮಾಡಿಕೊಟ್ರೂ ಹಿಡ್ಕೊಳೋಕೆ ಏನಾದ್ರೂ ಬೇಕಲ್ವಾ? ಮಾತಾಡಿದ್ರೆ ಎದ್ದು ಬರುತ್ತೆ," ಎಂದು ಭಾವನಾ ಕೈಗವಸು ಕಳಚದೆಯೇ ಹಳೆಯ ಚೀಟಿಗಳನ್ನು ತಿರುವಿದರು. "ಎರಡು ವರ್ಷದ ಹಿಂದೆ ಕೆಳಗೆ ಕೋರೆಹಲ್ಲು ಇದ್ವಾ? ಎರಡೂ?"

"ಇದ್ವು," ಎಂದಳು ಮುನಿಕೆಂಪಮ್ಮ.

"ಅಯ್ಯೋ ಅಜ್ಜಿ! ಅವೆರಡರ ಬೇರು ಇದ್ದಿದ್ರೆ ಸಾಕಾಗಿತ್ತು. ಹಲ್ಲನ್ನ ಸವೆಸಿ, ಬೇರು ಉಳಿಸಿ, ಅದರ ಮೇಲೇ ಸೆಟ್ ಕೂರಿಸ್ತಿದ್ದೆ. ಜಪ್ಪಯ್ಯ ಅಂದ್ರೂ ಅಲ್ಲಾಡ್ತಿರಲಿಲ್ಲ. ಅಷ್ಟು ಒಳ್ಳೇ ಹಲ್ಲನ್ನ ಕೀಳಿಸು ಅಂತ ಯಾರು ಹೇಳಿದ್ರು ನಿಮಗೆ?"

ಮುನಿಕೆಂಪಮ್ಮ ಕುರ್ಚಿಯಲ್ಲಿ ಮಲಗಿದ್ದಲ್ಲಿಂದಲೇ ಕಣ್ಣು ಹೊರಳಿಸಿ ಉಪೇಂದ್ರನನ್ನು ನೋಡಿದಳು. ಒಂದು ಗಳಿಗೆ, ಅಷ್ಟೇ. ಆಮೇಲೆ ಚಾವಣಿ ನೋಡುತ್ತ ಹೇಳಿದಳು:

"ನೋಯ್ತಿದ್ವು ತಾಯಿ. ಅಲ್ಲಾಡ್ತಿದ್ವು. ನಾನೇ ಕೀಳಿಸ್ಕಂಡೆ. ರಾತ್ರಿ ನಿದ್ದೆ ಇರ್ಲಿಲ್ಲ."

ಒಂದು ಮಾತೂ ಬಿಟ್ಟುಹೋಗಿರಲಿಲ್ಲ. ಅವನೇ ಕಲಿಸಿದ ಪಾಠ, ಅವಳೇ ಸೇರಿಸಿದ ಕೊನೆಯ ಮಾತಿನೊಂದಿಗೆ, ಎರಡು ವರ್ಷ ಕಳೆದರೂ ಬಾಯಿಗೆ ಬಂದಿತ್ತು. ಈಗ ಹೇಳಬೇಕು, ನಾನು, ನಾನು ಹೇಳಿದೆ ಎನ್ನಬೇಕು. ಅವನು ಬಾಯಿ ತೆರೆದದ್ದೂ ನಿಜ. ಆದರೆ ಮರಗಟ್ಟಿದ ತುಟಿಯಿಂದ ಜೊಲ್ಲು ಸುರಿಯಿತು, ಅದನ್ನು ಕರವಸ್ತ್ರದಿಂದ ಒರೆಸಿಕೊಳ್ಳುವಷ್ಟರಲ್ಲಿ ಭಾವನಾ ಮುಂದಿನ ಮಾತಿಗೆ ಹೋಗಿದ್ದರು. ಈ ತುಟಿಯೊಂದು ನೆಪವಾಗಿ ಸಿಕ್ಕಿತಲ್ಲ ಎಂದು ಒಳಗೊಳಗೇ ಹಾಯೆನಿಸಿತು. ಹಾಗೆ ಹಾಯೆನಿಸಿದ್ದಕ್ಕೆ ಅವನಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಭಾವನಾ ಹೇಳುತ್ತಿದ್ದರು: ಈಗ ಉಳಿದಿರುವ ದಾರಿ ದವಡೆ ಮೂಳೆಗೆ ಎರಡು ಸ್ಕ್ರೂ ಕೂರಿಸಿ ಅದರ ಮೇಲೆ ಸೆಟ್ಟು ಸಿಕ್ಕಿಸುವುದು. ಅದು ಇಲ್ಲಿ ಆಗುವುದಿಲ್ಲ, ಯೋಜನೆಯಲ್ಲೂ ಬರುವುದಿಲ್ಲ. ದೊಡ್ಡಾಸ್ಪತ್ರೆಯಲ್ಲಿ ಯಾವಾಗಲಾದರೂ ಶಿಬಿರ ನಡೆದರೆ ಹೆಸರು ಕಳಿಸಬಹುದು. "ಒಂದು ರೆಫರಲ್ ಚೀಟಿ ಬರ್ಕೊಡಿ ಉಪೇಂದ್ರ ಅವರೇ," ಎಂದರು. ಹತ್ತೊಂಬತ್ತು ವರ್ಷದಲ್ಲಿ ಬರೆದ ಸಾವಿರಾರು ಚೀಟಿಗಳಂತೆಯೇ ಅವನು ಅದನ್ನೂ ಬರೆದ. ಹೆಸರು, ವಯಸ್ಸು, ಊರು. ಅಕ್ಷರ ಎಂದಿನಂತೆ ದುಂಡಗಿತ್ತು. ಮುನಿಕೆಂಪಮ್ಮ ಚೀಟಿಯನ್ನು ನಾಲ್ಕಾಗಿ ಮಡಿಸಿ ಎಲೆಯಡಿಕೆಯ ಚೀಲಕ್ಕೆ ಸೇರಿಸಿಕೊಂಡು ಹೋದಳು.

ಮಧ್ಯಾಹ್ನ ಮೂರರ ಹೊತ್ತಿಗೆ ಮರಗಟ್ಟಿದ್ದು ಇಳಿಯಿತು. ಮೊದಲು ಗಲ್ಲದಲ್ಲಿ ಇರುವೆ ಹರಿದಂತೆ, ಆಮೇಲೆ ತುಟಿ ತನ್ನದೇ ಆಗಿ, ಕೊನೆಗೆ ಹಲ್ಲಿನ ಬುಡದಲ್ಲಿ ಸಣ್ಣಗೆ ನೋವು. ನೆಪ ಮುಗಿದಿತ್ತು. ಭಾವನಾ ಕೈ ತೊಳೆದು ಬ್ಯಾಗು ಹೊಂದಿಸುತ್ತಿದ್ದಾಗ ಉಪೇಂದ್ರ ಬಾಗಿಲಲ್ಲಿ ನಿಂತ.

"ಡಾಕ್ಟ್ರೇ, ಬೆಳಿಗ್ಗೆ ಬಂದಿದ್ರಲ್ಲ ಮುನಿಕೆಂಪಮ್ಮ, ಅವ್ರಿಗೆ ಹಲ್ಲು ಕೀಳಿಸು ಅಂದಿದ್ದು ನಾನು. ನೋವಿದೆ ಅಂತ ಸುಳ್ಳು ಹೇಳೋಕೂ ನಾನೇ ಹೇಳ್ಕೊಟ್ಟಿದ್ದು."

ಭಾವನಾ ಅವನನ್ನು ನೋಡಿದರು. ಬೈಗುಳಕ್ಕಾಗಿ ಅವನು ತಲೆ ತಗ್ಗಿಸಿ ಕಾದ. ಮೇಲಿನವರಿಗೆ ಬರೆಯುತ್ತೇನೆ ಎಂದಿದ್ದರೂ ಅವನಿಗೆ ಸಮಾಧಾನವಾಗುತ್ತಿತ್ತೇನೋ.

"ಫಾರಮ್ಮೇ ಹಾಗಿದ್ರೆ ನೀವಾದ್ರೂ ಏನ್ ಮಾಡ್ತೀರ ಬಿಡಿ," ಎಂದರು ಭಾವನಾ, ದಣಿದ ದನಿಯಲ್ಲಿ. "ಇವತ್ತೇ ಇನ್ನೂ ಮೂರು ಜನ ಹಂಗೇ ಇದ್ರು. ಒಳ್ಳೊಳ್ಳೇ ಕೋರೆಹಲ್ಲು ಕೀಳಿಸ್ಕೊಂಡು ಕೂತಿದಾರೆ. ಎಲ್ಲರದ್ದೂ ಒಂದೇ ಮಾತು, ನೋಯ್ತಿತ್ತು, ಅಲ್ಲಾಡ್ತಿತ್ತು."

ಅವರು ಹೊರಟುಹೋದರು. ಉಪೇಂದ್ರ ಖಾಲಿ ಕುರ್ಚಿಯ ಪಕ್ಕದಲ್ಲಿ ನಿಂತೇ ಇದ್ದ. ಆ ಮೂವರು ಯಾರು? ಬೆಳಿಗ್ಗೆ ಅವನೇ ಹೆಸರು ಕೂಗಿದ್ದ, ಮುಖ ನೋಡಿರಲಿಲ್ಲ. ಇಷ್ಟು ವರ್ಷ ಎಷ್ಟು ಜನಕ್ಕೆ ಆ ಕಿಟಕಿಯಲ್ಲಿ ದನಿ ತಗ್ಗಿಸಿ ಅದೇ ಪಾಠ ಹೇಳಿಕೊಟ್ಟಿದ್ದೇನೆ ಎಂದು ನೆನಪಿಸಿಕೊಳ್ಳಲು ನೋಡಿದ. ನೆನಪಾಗಲಿಲ್ಲ. ಹೂ ಕೊಟ್ಟು ಹೋದವಳು ಒಬ್ಬಳಾದ್ದರಿಂದ ಅವಳೊಬ್ಬಳು ನೆನಪಿದ್ದಳು. ಅವಳೂ ಹೂ ಕೊಡದೆ ಇದ್ದಿದ್ದರೆ ತನಗೆ ಈ ಸಂಕಟವೂ ಇರುತ್ತಿರಲಿಲ್ಲ ಎಂದು ಹೊಳೆದಾಗ ಅವನು ಬೀಗ ಹಾಕಿ, ಅರ್ಜೆಂಟಾಗಿ ಎಲ್ಲಿಗೋ ಹೋಗಬೇಕಾದವನಂತೆ ಮೆಟ್ಟಿಲಿಳಿದ.

ಬಸ್‌ಸ್ಟಾಪಿನಲ್ಲಿ ಮೋನಿಕಾ ಕೂಗುತ್ತಿದ್ದಳು. ಮುನಿಕೆಂಪಮ್ಮ ಎಂದಿನ ಜಾಗದಲ್ಲಿ ಕೂತು ಕನಕಾಂಬರ ಕಟ್ಟುತ್ತಿದ್ದಳು. ಕೈಗಳು ತಮ್ಮಷ್ಟಕ್ಕೆ ತಾವು ಓಡುತ್ತಿದ್ದವು. ಉಪೇಂದ್ರ ಅವಳೆದುರು ಕುಕ್ಕರಗಾಲಿನಲ್ಲಿ ಕೂತ. ಇಷ್ಟು ವರ್ಷದಲ್ಲಿ ಹಾಗೆ ಕೂತಿರಲಿಲ್ಲ, ನಿಂತೇ ಹೂ ಈಸಿಕೊಳ್ಳುತ್ತಿದ್ದ.

"ಮುನಿಕೆಂಪಮ್ಮ, ತಪ್ಪು ನಂದು. ಆ ಹಲ್ಲು ಕೀಳಿಸು ಅಂತ ನಾನು ಹೇಳ್ಬಾರ್ದಿತ್ತು."

"ಗೊತ್ತಲ್ಲ ಸ್ವಾಮಿ," ಎಂದಳು ಅವಳು, ಹೂವಿನಿಂದ ಕಣ್ಣು ತೆಗೆಯದೆ.

"ಮತ್ತೆ ಡಾಕ್ಟ್ರು ಕೇಳಿದಾಗ ಯಾಕೆ ಹೇಳ್ಲಿಲ್ಲ?"

"ಏಳ್ಬೇಡ ಅಂದಿದ್ರಲ್ಲ ನೀವು."

ಬೆಳಿಗ್ಗೆಯಿಂದ ಅವನು ಅವಳ ಆ ಒಂದು ಗಳಿಗೆಯ ನೋಟವನ್ನು ಹಿಡಿದುಕೊಂಡು, ಅವಳು ತನ್ನನ್ನು ಕ್ಷಮಿಸಿ ಕಾಪಾಡಿದಳು, ದೊಡ್ಡ ಮನಸ್ಸಿನವಳು ಎಂದೆಲ್ಲ ಒಳಗೇ ಕಟ್ಟಿಕೊಂಡಿದ್ದ. ಆ ನೋಟದಲ್ಲಿ ಅವಳು ಕೇಳಿದ್ದು ಹೇಳಲೋ ಬೇಡವೋ ಎಂದಷ್ಟೇ. ಎರಡು ವರ್ಷದ ಹಿಂದೆ ಕಿಟಕಿಯಲ್ಲೇ ಅವನು ಬೇಡ ಎಂದಿದ್ದ.

"ಏಳುದ್ರೆ ನಿಮ್ಗೆ ಕ್ವಾಪ ಬತ್ತದೆ," ಎಂದು ಅವಳೇ ಮುಂದುವರಿಸಿದಳು. ದನಿಯಲ್ಲಿ ಸಿಟ್ಟೂ ಇರಲಿಲ್ಲ, ಸಮಾಧಾನವೂ ಇರಲಿಲ್ಲ. "ಆಮ್ಯಾಕೆ ಆ ಕಿಟಕಿತಾವ್ ನನ್ ಎಸ್ರು ಕೂಗೋರ್ ಯಾರವ್ರೆ? ಇಷ್ಟು ಜನದ ಆಸ್ಪತ್ರೇಲಿ ನಂಗೆ ಗೊತ್ತಿರೋದು ನೀವೊಬ್ರೇ. ನಿಮ್ಮನ್ನೂ ಕಳಕಂಡು ಏನ್ ಮಾಡ್ಲಿ?" ಗಂಟು ಬಿಗಿದು, ಚೀಟಿಯಿದ್ದ ಚೀಲವನ್ನು ತಟ್ಟಿ, "ಈಗ ಇದ್ಕೆ ದಾರಿ ಯಾವ್ದು, ಅದ್ನ ಏಳಿ. ನಿಮ್ಗೆ ದಾರಿ ಗೊತ್ತಿರ್ತದಲ್ಲ," ಎಂದಳು.

ಮುಂದಿನ ತಿಂಗಳು ಎನ್ನುವ ಮಾತು ಅವನ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡ.

"ನಂಗೆ ಗೊತ್ತಿಲ್ಲ ಮುನಿಕೆಂಪಮ್ಮ. ದಾರಿ ಇಲ್ಲ ಅನ್ಸುತ್ತೆ."

ಅವಳ ಕೈ ಒಂದು ಕ್ಷಣ ನಿಂತಿತು. ಆಮೇಲೆ ಮತ್ತೆರಡು ಹೂವನ್ನು ಸೇರಿಸಿ, ಗಂಟು ಹಾಕಿ, ಬ್ಲೇಡಿಗಾಗಿ ಬುಟ್ಟಿಯ ಅಂಚಿಗೆ ಕೈ ಹಾಕಿ, ಅದಿಲ್ಲವೆಂದು ನೆನಪಾಗಿ, ದಾರವನ್ನು ಅವನ ಮುಂದೆ ಹಿಡಿದಳು.

"ಒಸಿ ಕಡ್ದು ಕೊಡಿ. ಬೆಳಗಿಂದ ಮೋನಿಕಾನ್ ಕೈಲೇ ಕಡಿಸ್ತಿವ್ನಿ, ಅವ್ಳಿಗೂ ಯಾಪಾರ ಅದೆ."

ಉಪೇಂದ್ರ ಬಾಗಿ ದಾರವನ್ನು ಬಾಯಿಗೆ ತೆಗೆದುಕೊಂಡ. ಅಭ್ಯಾಸಬಲದಿಂದ ಬಲಗಡೆಗೇ ಹೋಯಿತು. ಕಚ್ಚಿದಾಗ ನೋವು ಕಿವಿಯವರೆಗೆ ಏರಿ ಕಣ್ಣಲ್ಲಿ ನೀರು ಬಂತು. ಎಡಗಡೆಗೆ ಬದಲಿಸಿ ಎಳೆದ. ದಾರ ಒದ್ದೆಯಾಯಿತೇ ಹೊರತು ಹರಿಯಲಿಲ್ಲ. ಮೋನಿಕಾ ಕೂಗುವುದನ್ನು ನಿಲ್ಲಿಸಿ ನೋಡತೊಡಗಿದಳು, ಸ್ಟಾಪಿನಲ್ಲಿ ನಿಂತಿದ್ದ ನಾಲ್ಕೈದು ಜನವೂ ನೋಡಿದರು. "ಅಂಗಲ್ಲ ಸ್ವಾಮಿ, ಕೋರೆಗೆ ಸಿಕ್ಸಿ ಒಂದೇ ಕಿತ ಎಳೀರಿ," ಎಂದಳು ಮುನಿಕೆಂಪಮ್ಮ. ಅವನು ಹಾಗೆಯೇ ಮಾಡಿದ. ಮೂರನೆಯ ಸಲಕ್ಕೆ ಕಟಕ್ಕೆಂದು ಹರಿಯಿತು.

ಅವಳು ದಾರದ ಒದ್ದೆ ತುದಿಯನ್ನು ಸೆರಗಿಗೆ ಒರೆಸಿ, ಹೂವನ್ನು ಸುರುಳಿ ಸುತ್ತಿ ಬಾಳೆಲೆಯ ಚೂರಿನಲ್ಲಿಟ್ಟು ಅವನ ಕೈಗೆ ಕೊಟ್ಟಳು. ಯಲಹಂಕದ ಕಡೆಯಿಂದ ಹೆಬ್ಬಾಳದ ಬಸ್ಸು ಬಂದು ನಿಂತಿತ್ತು. ಅವನು ಎದ್ದು ಎರಡು ಹೆಜ್ಜೆ ಹೋಗಿದ್ದ.

"ಸ್ವಾಮಿ," ಎಂದು ಅವಳು ಹಿಂದಿನಿಂದ ಕರೆದಳು. ಸೆರಗು ಬಾಯಿಂದ ಸರಿದಿತ್ತು. "ಕಡ್ದಿದ್ದು ಅಂತ ಮನೇಲಿ ಅಮ್ಮಾರ್ಗ್ ಏಳ್ಬೇಡಿ. ಅವತ್ತು ಇಲ್ಲೇ ನಿಂತ್ಕಂಡು ಎಂಜ್ಲು ಅಂದಿದ್ರು."

ಕಂಡಕ್ಟರು ಹತ್ತಿ ಹತ್ತಿ ಎನ್ನುತ್ತಿದ್ದ. ಉಪೇಂದ್ರ ಹೂವಿನ ಪೊಟ್ಟಣ ಹಿಡಿದುಕೊಂಡು ಬಸ್ಸು ಹತ್ತಿದ.